ಒಂದು ದನಿಯ ಒಪ್ಪಿಗೆ

ಚನ್ನಗಿರಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಆಧಾರ್ ಪ್ರತಿ, ಅಡಿಕೆ ಮಂಡಿಯವರ ಬಿಲ್ ಪುಸ್ತಕ, ಹುಡುಗರ ಪ್ರಾಜೆಕ್ಟ್ ವರದಿ, ಇವೇ ನಮ್ಮ ವ್ಯಾಪಾರ. ಗಿರಾಕಿಗಳು ತರುತ್ತಿದ್ದ ಪೆನ್ ಡ್ರೈವ್‌ಗಳಲ್ಲಿ ಕಡತಕ್ಕಿಂತ ವೈರಸ್ಸೇ ಹೆಚ್ಚಿರುತ್ತಿತ್ತು. ಅದರ ಕಾಟ ತಾಳಲಾರದೆ ಅಂಗಡಿಯ ಕಂಪ್ಯೂಟರುಗಳಿಗೆಲ್ಲ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಸಿದೆ. ಅದರಲ್ಲಿ ಕನ್ನಡದ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು. ಸಿಟ್ಟಿನಿಂದ ಅದನ್ನು ಕಟ್ಟಿದ ಗುಂಪಿಗೆ ಮೇಲ್ ಬರೆದೆ. ‘ನಿಮಗೆ ಗೊತ್ತಿದ್ದರೆ ನೀವೇ ಸರಿಮಾಡಿ ಕಳಿಸಿ’ ಎಂದು ಉತ್ತರ ಬಂತು. ಅವರು ಮರ್ಯಾದೆಯಿಂದಲೇ ಹೇಳಿದ್ದರು. ನಾನು ಮಾತ್ರ ಹಟಕ್ಕೆ ಬಿದ್ದು ಕಲಿತೆ. ಹಾಗೆ ಶುರುವಾದ ಸಂಬಂಧ ಇವತ್ತಿಗೂ ಬಿಟ್ಟಿಲ್ಲ.

ನಮ್ಮದು ಶಾಲೆಗಳಿಗೂ ಗ್ರಂಥಾಲಯಗಳಿಗೂ ಪುಕ್ಕಟೆ ಹಂಚುವ ಸಣ್ಣ ಲಿನಕ್ಸ್. ಅದರೊಳಗಿನ ಒಂದೊಂದು ತಂತ್ರಾಂಶವನ್ನೂ ಬೇಕಾದ ಸಾಮಾನುಗಳ ಸಮೇತ ಕಟ್ಟಿ ಇಟ್ಟರೆ ಅದು ಪ್ಯಾಕೇಜ್. ಅಂಥ ಸಾವಿರಾರು ಪ್ಯಾಕೇಜುಗಳನ್ನು ಇಟ್ಟಿರುವ ಕಣಜಕ್ಕೆ ಆರ್ಕೈವ್ ಎನ್ನುತ್ತೇವೆ. ಹೊಸ ಆವೃತ್ತಿ ಬಿಡುಗಡೆಯಾಗುವ ಮುಂಚೆ ಕಣಜದ ಬಾಗಿಲು ಹಾಕುತ್ತೇವೆ. ಆಮೇಲೆ ಹೊಸದೇನನ್ನೂ ಸೇರಿಸುವಂತಿಲ್ಲ. ಕೆಟ್ಟದ್ದನ್ನು ಸರಿಮಾಡಬೇಕು, ಸರಿಯಾಗದ್ದನ್ನು ತೆಗೆದು ಹೊರಗೆ ಹಾಕಬೇಕು. ಈ ಘಟ್ಟಕ್ಕೆ ಫ್ರೀಜ್ ಎಂದು ಹೆಸರು. ಕನ್ನಡದ ಪ್ಯಾಕೇಜುಗಳ ಜವಾಬ್ದಾರಿ ನನ್ನದು.

“ಫ್ರೀಜ್ ಬರ್ತಾ ಐತೆ, ಇನ್ನು ನನಗೆ ಪುರುಸೊತ್ತಿರಲ್ಲ” ಎಂದು ಮೊದಲ ಸಲ ಮನೆಯಲ್ಲಿ ಹೇಳಿದಾಗ ನಮ್ಮತ್ತೆ ಅಡುಗೆಮನೆಯ ಮೂಲೆಯಲ್ಲಿದ್ದ ಡಬ್ಬಗಳನ್ನೆಲ್ಲ ಸರಿಸಿ ಜಾಗ ಮಾಡಿಟ್ಟಿದ್ದರು. “ಇರೋ ಫ್ರಿಜ್ಜೇ ಚೆನ್ನಾಗೈತಲ್ಲವ್ವ, ಇನ್ನೊಂದು ಯಾಕೆ ತರಿಸ್ತೀಯ?” ಎಂದು ಕೇಳಿದ್ದರು. ನಾನೂ ನನ್ನ ಗಂಡನೂ ಎಷ್ಟು ನಕ್ಕೆವೆಂದರೆ ಅವರು ಆ ದಿನವೆಲ್ಲ ನಮ್ಮೊಡನೆ ಮಾತು ಬಿಟ್ಟಿದ್ದರು.

ನಾನೀಗ ಹೇಳುತ್ತಿರುವುದು ಹೋದ ಸಲದ ಬಿಡುಗಡೆಯ ಕಥೆ. ಫ್ರೀಜ್ ಹತ್ತಿರ ಬಂದಿತ್ತು. ನಮ್ಮ ಗುಂಪಿನಲ್ಲಿ ಪ್ರತಿ ಪ್ಯಾಕೇಜಿನ ಹಕ್ಕು, ಪರವಾನಗಿಗಳನ್ನು ನೋಡುವ ಪರಿಶೀಲಕರು ದೂರದ ದೇಶದವರು. ನಾನು ಅವರ ಮುಖ ಕಂಡಿಲ್ಲ, ಆದರೆ ಅವರ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮವೂ ಒಳಗೆ ಹೋಗುವುದಿಲ್ಲವೆಂದು ಬಲ್ಲೆ. ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಕನ್ನಡದಲ್ಲಿ ಓದಿ ಹೇಳುವ ಒಂದು ಪ್ಯಾಕೇಜ್ ನಮ್ಮಲ್ಲಿದೆ. ಅದರಲ್ಲಿ ಮಾತಾಡುವುದು ಒಬ್ಬ ಹೆಣ್ಣುಮಗಳ ದನಿ. ಪರಿಶೀಲಕರು ಅದರ ಬಗ್ಗೆ ಬರೆದಿದ್ದರು: ತಂತ್ರಾಂಶದ ಪರವಾನಗಿ ಸರಿಯಾಗಿದೆ, ಆದರೆ ಈ ದನಿ ಯಾರದು? ಆಕೆ ಒಪ್ಪಿದ್ದಾರೆಯೇ? ಒಪ್ಪಿಗೆ ಸಿಗದಿದ್ದರೆ ಈ ಬಿಡುಗಡೆಯಲ್ಲಿ ಇದು ಇರುವಂತಿಲ್ಲ.

ಆ ಪ್ಯಾಕೇಜ್ ಹೊರಗೆ ಹೋಗಲಿರುವ ಸುದ್ದಿ ಎಲ್ಲರಿಗೂ ಕಾಣುವ ಪುಟದಲ್ಲಿ ಬಂದ ದಿನವೇ ಹೊನ್ನಾಳಿಯಿಂದ ಫೋನ್ ಬಂತು. ಅಲ್ಲಿನ ಹೈಸ್ಕೂಲಿನ ಸಮಾಜ ಮೇಷ್ಟ್ರು. ಹುಟ್ಟಿನಿಂದ ಕಣ್ಣು ಕಾಣದವರು. ಪಾಠದ ತಯಾರಿ, ಪೇಪರ್ ಓದುವುದು, ಪ್ರಶ್ನೆಪತ್ರಿಕೆ ಮಾಡುವುದು ಎಲ್ಲ ಅದೇ ದನಿಯ ಜೊತೆ.

“ಮೇಡಂ, ನಮ್ಮಕ್ಕನ್ನ ಮನೆಯಿಂದ ಹೊರಗೆ ಹಾಕ್ತೀರಂತೆ?” ಎಂದರು.

“ನಾನು ಹಾಕ್ತಿಲ್ಲ ಮೇಷ್ಟ್ರೇ. ಅಕ್ಕ ಯಾರು ಅಂತ ಗೊತ್ತಾಗಬೇಕು ಅಷ್ಟೇ.”

“ಹಂಗಾದ್ರೆ ಹುಡುಕ್ರಿ. ಬೇಕಂದ್ರೆ ನಾನೂ ಬರ್ತೀನಿ.”

ಆ ತಂತ್ರಾಂಶ ಬರೆದಿದ್ದವರು ಜಗಳೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದು ಈಗ ನಿವೃತ್ತರಾದವರು. ಅವರಿಗೆ ಫೋನ್ ಮಾಡಿದೆ. ಹಳೆಯ ನೆನಪು ಬಂದದ್ದಕ್ಕೆ ಅವರಿಗೆ ಬಹಳ ಖುಷಿಯಾಯಿತು. ಹಾಸ್ಟೆಲ್ಲಿನ ಸಾಮಾನು ಕೋಣೆಯಲ್ಲಿ ಗೋಡೆಗೆಲ್ಲ ಹಾಸಿಗೆ ನಿಲ್ಲಿಸಿ, ಹೊರಗಿನ ಸದ್ದು ಬಾರದಂತೆ ಮಾಡಿ, ಕಾಲೇಜಿನ ಒಬ್ಬ ಹುಡುಗಿಯಿಂದ ರಾಶಿ ವಾಕ್ಯ ಓದಿಸಿದ್ದರಂತೆ. “ಫ್ಯಾನ್ ಹಾಕೋ ಹಂಗಿರಲಿಲ್ಲ ನೋಡಮ್ಮ. ಪಾಪ, ಬೆವರು ಒರೆಸ್ಕೊಂಡು ಒರೆಸ್ಕೊಂಡು ಓದಿದ್ಲು. ಭಾಷಣ ಸ್ಪರ್ಧೆನಾಗೆ ಯಾವಾಗ್ಲೂ ಅವಳೇ ಮೊದಲು.”

“ಒಪ್ಪಿಗೆ ಬರೆಸ್ಕೊಂಡಿದ್ರಾ ಸಾರ್?”

“ಬಾಯಿ ಮಾತಿನಾಗೆ ಹೂಂ ಅಂದಿದ್ಲು. ಆಗ ಯಾರಮ್ಮ ಬರೆಸ್ಕೊಳ್ತಿದ್ರು? ಬಿಳಿಚೋಡಿನ ಹುಡುಗಿ. ಈಗ ಎಲ್ಲಿದ್ದಾಳೋ.”

ಭಾನುವಾರ ಅಂಗಡಿ ಮುಚ್ಚಿ, ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ದಾವಣಗೆರೆಗೆ ಹೋಗಿ, ಅಲ್ಲಿಂದ ಜಗಳೂರಿನ ಬಸ್ಸು ಹಿಡಿದು ಬಿಳಿಚೋಡಿನಲ್ಲಿ ಇಳಿದೆ. ಜಗಳೂರಿನ ಹಾಸ್ಟೆಲ್ಲಿನಲ್ಲಿದ್ದು ಭಾಷಣ ಮಾಡುತ್ತಿದ್ದ ಹುಡುಗಿ ಎಂದು ಹೋಟೆಲಿನಲ್ಲಿ ಕೇಳಿದ್ದೇ ತಡ, ಚಹಾ ಕುಡಿಯುತ್ತಿದ್ದವರೆಲ್ಲ ಒಟ್ಟಿಗೇ ಕೈ ತೋರಿಸಿದರು. ಕುರಿಹಟ್ಟಿ ದಾಟಿದ ಮೇಲೆ ಮೂಲೆಯ ಮನೆ. ಜಗುಲಿಯಲ್ಲಿ ಅವಳ ತಾಯಿ ಶೇಂಗಾ ಬಿಡಿಸುತ್ತ ಕೂತಿದ್ದರು. ನಾನು ಬಂದ ಕಾರಣ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಕೊನೆಗೆ ಲ್ಯಾಪ್‌ಟಾಪ್ ತೆಗೆದು ಒಂದು ಸುದ್ದಿಯ ಪುಟ ಓದಿಸಿದೆ.

ಆ ತಾಯಿ ಕೈಯಲ್ಲಿದ್ದ ಕಾಯಿ ಬಿಟ್ಟು ಹತ್ತಿರ ಬಂದರು. ತಲೆ ಬಗ್ಗಿಸಿ ಪೂರ್ತಿ ಕೇಳಿದರು. “ನನ್ನ ಮಗಳೇ. ಆದ್ರೆ ಇದ್ಯಾಕೆ ಹಿಂಗೆ ಪಟ್ಟಣದೋರಂಗೆ ಮಾತಾಡ್ತಾಳೆ? ಮನೆಗೆ ಬಂದ್ರೆ ಹಿಂಗೆ ಮಾತಾಡಲ್ಲಪ್ಪ” ಎಂದು ನಕ್ಕರು. ನಕ್ಕವರು ಇನ್ನೊಂದು ಸಲ ಓದಿಸಲು ಹೇಳಿದರು. ನನಗೆ ಶೇಂಗಾ, ಬೆಲ್ಲ ಕೊಟ್ಟು, ಆಮೇಲೆ ಮಗಳ ನಂಬರ್ ಕೊಟ್ಟು ನನ್ನ ಫೋನಿನಿಂದ ಕರೆ ಮಾಡಿಸಿದರು. ಮಗಳನ್ನು ನ್ಯಾಮತಿಗೆ ಕೊಟ್ಟಿತ್ತು. ಗಂಡ ಹೆಂಡತಿ ಸೇರಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು.

“ಹಲೋ” ಎಂದಿತು ಆ ಕಡೆಯ ದನಿ.

‘ಕಡತ ಸಿಗಲಿಲ್ಲ’, ‘ಮುದ್ರಕ ಸಿದ್ಧವಿಲ್ಲ’ ಎಂದು ಅಂಗಡಿಯಲ್ಲಿ ಎಷ್ಟೋ ಸಲ ನನಗೆ ಹೇಳಿದ್ದ ದನಿ ಅದು. ಈಗ ಸ್ವಲ್ಪ ದಪ್ಪಗಾಗಿತ್ತು, ಅಷ್ಟೇ. ನನ್ನ ಹೆಸರೂ ಹೇಳದೆ “ನೀವು ನನಗೆ ಬಹಳ ಗೊತ್ತು ಕಣ್ರೀ” ಎಂದುಬಿಟ್ಟೆ.

“ಯಾರ್ರೀ ನೀವು? ಬ್ಯಾಂಕಿನೋರಾ? ನಾನು ಓಟಿಪಿ ಹೇಳಲ್ಲ” ಎಂದು ಆಕೆ ಫೋನ್ ಇಟ್ಟರು.

ತಾಯಿ ತಮ್ಮ ಫೋನಿನಿಂದ ಮತ್ತೆ ಮಾಡಿ, ಬೈದು, ನನ್ನ ಕೈಗೆ ಕೊಟ್ಟರು. ನಾನು ನಿಧಾನವಾಗಿ ವಿಷಯ ಹೇಳಿದೆ. ಆಕೆ ಗಿರಣಿ ನಿಲ್ಲಿಸಿ ಪೂರ್ತಿ ಕೇಳಿದರು. ಆಮೇಲೆ ಆಕೆ, “ಈಗಿನ ಕಾಲದಾಗೆ ದನಿ ಇಟ್ಕೊಂಡು ಏನೇನೋ ಮೋಸ ಮಾಡ್ತಾರಂತೆ. ನನಗ್ಯಾಕೋ ಇದು ಸರಿ ಕಾಣ್ತಿಲ್ಲ. ಬರೋದಾದ್ರೆ ಮನೆಗೇ ಬರ್ರಿ, ಮಾತಾಡಾನ” ಎಂದರು.

ಮುಂದಿನ ವಾರ ಹೊನ್ನಾಳಿಗೆ ಹೋಗಿ ಮೇಷ್ಟ್ರನ್ನು ಜೊತೆ ಮಾಡಿಕೊಂಡು ನ್ಯಾಮತಿಯ ಬಸ್ಸು ಹತ್ತಿದೆ. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಒಂದು ಡಬ್ಬ ಸಿಹಿ ಹಿಡಿದುಕೊಂಡಿದ್ದರು. “ಅಕ್ಕನ ಮನೆಗೆ ಬರಿಗೈಲಿ ಹೋಗಾಕಾಗುತ್ತೇನ್ರೀ?” ಎಂದರು. ದಾರಿಯುದ್ದಕ್ಕೂ ಅವರ ಮಾತು ನಿಲ್ಲಲಿಲ್ಲ. ಅವರಿಗೆ ಹೆದರಿಕೆಯಾಗಿತ್ತೆಂದು ನನಗೆ ಅನ್ನಿಸಿತು.

ಗಿರಣಿಯಲ್ಲಿ ಅವತ್ತು ಒಣಮೆಣಸಿನಕಾಯಿ ಬೀಸುತ್ತಿದ್ದರು. ಒಳಗೆ ಕಾಲಿಡುತ್ತಲೇ ಮೇಷ್ಟ್ರು ಸೀನಿದರು, ನಾನು ಸೀನಿದೆ, ಸರದಿಯಲ್ಲಿದ್ದ ಹೆಂಗಸರು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ನಮ್ಮನ್ನು ನೋಡಿ ನಕ್ಕರು. ತಲೆಗೆ ಟವಲು ಕಟ್ಟಿಕೊಂಡಿದ್ದ ಆಕೆ ಯಂತ್ರ ನಿಲ್ಲಿಸಿ, “ಬರ್ರಿ ಬರ್ರಿ, ಒಳಗೆ ಬರ್ರಿ, ಇಲ್ಲಿದ್ರೆ ಸತ್ತೇ ಹೋಗ್ತೀರ” ಎಂದು ಕೂಗಿದರು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಆಕೆಯ ದನಿ ಬೀದಿಗೆಲ್ಲ ಕೇಳುವಷ್ಟು ದೊಡ್ಡದಾಗಿತ್ತು. ಸೀನುತ್ತಿದ್ದ ಮೇಷ್ಟ್ರು ಥಟ್ಟನೆ ನಿಂತರು. “ಮೇಡಂ, ಇವರೇ” ಎಂದು ನನ್ನ ಕೈ ಹಿಡಿದರು.

ಹಿಂದಿನ ಮನೆಯಲ್ಲಿ ಕೂತು ಲ್ಯಾಪ್‌ಟಾಪ್ ತೆಗೆದೆ. ಆಕೆ ತನ್ನ ದನಿಯನ್ನು ಬಾಯಿ ಬಿಟ್ಟುಕೊಂಡು ಕೇಳಿದರು. “ಅಯ್ಯೋ, ಎಷ್ಟು ಎಳೇ ದನಿ! ಇದು ಮದುವೆಗೆ ಮುಂಚಿನದು” ಎಂದರು. ಕೈಗೆ ಹಿಟ್ಟು ಮೆತ್ತಿಕೊಂಡು ಬಂದ ಗಂಡ, “ಇದು ನಾವು ಏನು ಬರೆದ್ರೂ ಹೇಳ್ತೈತಾ ಮೇಡಂ?” ಎಂದು ಕೇಳಿದರು. ಹೂಂ ಎಂದೆ. ಅವರು ಪಕ್ಕದಲ್ಲಿ ಕೂತು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಕಂಪ್ಯೂಟರ್ ನಯವಾಗಿ ಹೇಳಿತು: “ಆಯ್ತು ರೀ, ನೀವು ಹೇಳಿದ್ದೇ ಸರಿ.”

“ಇದನ್ನ ಮದುವೆಯಾದಾಗಿಂದ ಕಾಯ್ತಾ ಇದ್ದೆ!” ಎಂದು ಅವರು ತೊಡೆ ತಟ್ಟಿ ನಕ್ಕರು. ಮೇಷ್ಟ್ರೂ ನಕ್ಕರು. ಆಕೆ ಮಾತ್ರ ನಗಲಿಲ್ಲ.

“ನೋಡಿದ್ರಾ ಮೇಡಂ? ಇದಕ್ಕೇ ನಾನು ಬ್ಯಾಡ ಅಂತಿರೋದು. ನಾನು ಯಾವತ್ತೂ ಆಡದ ಮಾತು ಅದು. ಮನೆಯೋರೇ ಹಿಂಗೆ ಆಡಿಸಿದ್ರೆ, ಗೊತ್ತಿಲ್ಲದೋರು ಬಿಡ್ತಾರಾ?”

ಗಂಡನ ನಗು ಅಲ್ಲಿಗೇ ನಿಂತಿತು. ಆಕೆ ಹೇಳಿದ್ದು ನಿಜವೇ ಆಗಿತ್ತು. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಒಪ್ಪಿಗೆ ಕೊಟ್ಟರೆ ಯಾರು ಬೇಕಾದರೂ ಬಳಸಬಹುದು, ಬದಲಾಯಿಸಬಹುದು, ಹಂಚಬಹುದು. ಇಂಥವರು ಮಾತ್ರ ಬಳಸಲಿ ಎಂದು ಬೇಲಿ ಹಾಕಲು ನಮ್ಮಲ್ಲಿ ಆಗುವುದಿಲ್ಲ. ಒಮ್ಮೆ ಕೊಟ್ಟರೆ ವಾಪಸ್ ಪಡೆಯಲೂ ಆಗುವುದಿಲ್ಲ. ಬೇಡವೆಂದರೆ ನಾಳೆಯೇ ಕಣಜದಿಂದ ತೆಗೆಯುತ್ತೇನೆ, ಬೇಸರವಿಲ್ಲ.

ಆಕೆ ಮೇಷ್ಟ್ರ ಕಡೆ ತಿರುಗಿ, “ನೀವು ಇದನ್ನ ದಿನಾ ಕೇಳ್ತೀರಾ?” ಎಂದರು.

“ಬೆಳಿಗ್ಗೆ ಪೇಪರಿನಿಂದ ಶುರು ಅಕ್ಕ. ಆದ್ರೆ ನಾನು ಕೇಳೋದು ಹಿಂಗಲ್ಲ.” ಮೇಷ್ಟ್ರು ಕೀಲಿಗಳನ್ನು ತಡವಿ ವೇಗ ಹೆಚ್ಚಿಸಿದರು. ದನಿ ಹುರಿಯುವ ಸಾಸಿವೆಯಂತೆ ಚಟಪಟ ಸಿಡಿಯಿತು. ಒಂದು ಪದವೂ ನಮಗೆ ತಿಳಿಯಲಿಲ್ಲ. ಮೇಷ್ಟ್ರು ತಲೆಯಾಡಿಸುತ್ತ ಕೇಳಿ, “ತುಂಗಭದ್ರೆಗೆ ನೀರು ಬಿಟ್ಟವರೆ, ಅಡಿಕೆ ಧಾರಣೆ ಇಳಿದೈತೆ, ನಾಳೆ ಕರೆಂಟ್ ಇರಲ್ಲ” ಎಂದರು.

“ನನ್ನ ದನಿ ನನಗೇ ತಿಳೀಲಿಲ್ಲ, ನಿಮಗೆ ತಿಳೀತಾ!” ಎಂದು ಈಗ ಆಕೆ ನಕ್ಕರು. ನಕ್ಕರೂ ಒಪ್ಪಿಗೆ ಕೊಡಲಿಲ್ಲ. ಯೋಚನೆ ಮಾಡುತ್ತೇನೆಂದು ಊಟ ಹಾಕಿ, ಇಬ್ಬರಿಗೂ ಒಂದೊಂದು ಪೊಟ್ಟಣ ಖಾರದ ಪುಡಿ ಕೊಟ್ಟು ಕಳಿಸಿದರು.

ಪರಿಶೀಲಕರಿಗೆ ಬರೆದು ಇನ್ನಷ್ಟು ಸಮಯ ಕೇಳಿದೆ. ಬಾಗಿಲು ಹಾಕುವವರೆಗೆ ಕಾಯುತ್ತೇನೆ ಎಂದರು. ನಾನು ಉಳಿದ ಪ್ಯಾಕೇಜುಗಳ ಕೆಲಸದಲ್ಲಿ ಮುಳುಗಿದೆ. ತಂತ್ರಾಂಶ ಕಟ್ಟಿಕೊಡುವ ಹೊಸ ಕಂಪೈಲರಿಗೆ ಹೊಂದದೆ ಕನ್ನಡದ ನಿಘಂಟು ಮುರಿದುಬಿದ್ದಿತ್ತು. ಪದ ತಿದ್ದುವ ತಂತ್ರಾಂಶ ಯಾವುದೋ ಹಳೆಯ ಪ್ಯಾಕೇಜೇ ಬೇಕೆಂದು ಹಟ ಹಿಡಿದಿತ್ತು. ಅದರ ನಡುವೆ ಲಗ್ನದ ಸೀಸನ್ನು, ಪತ್ರಿಕೆ ಮಾಡಿಸುವವರ ನೂಕುನುಗ್ಗಲು. ಮದುಮಗಳ ಅಪ್ಪ ಪತ್ರಿಕೆಯಲ್ಲಿ ಅವಳ ಹೆಸರಿನ ಒತ್ತು ಸರಿಯಾಗಿದೆಯೇ ಎಂದು ನೋಡುತ್ತಿದ್ದಾಗಲೇ ಇನ್ನೊಂದು ಪರದೆಯಲ್ಲಿ ನಿಘಂಟು ಕೊನೆಗೂ ಸುಸೂತ್ರವಾಗಿ ಕಟ್ಟಿಕೊಂಡಿತು. ನಾನು “ಬಂತು!” ಎಂದು ಕೂಗಿದ್ದಕ್ಕೆ ಹುಡುಗಿಯ ಅಪ್ಪ ಹೊರಗೆ ಇಣುಕಿ ಯಾರು ಬಂದರೆಂದು ನೋಡಿದರು.

ಬಾಗಿಲು ಹಾಕುವ ದಿನ ಬಂದೇಬಿಟ್ಟಿತು. ದನಿಯ ಪ್ಯಾಕೇಜನ್ನು ತೆಗೆಯುವ ಆದೇಶ ಬರೆದು ಸಿದ್ಧವಾಗಿಟ್ಟುಕೊಂಡಿದ್ದ ಮಧ್ಯಾಹ್ನ ನ್ಯಾಮತಿಯಿಂದ ಫೋನ್ ಬಂತು.

“ಮೇಡಂ, ಯೋಚನೆ ಮಾಡಿದೆ. ಮೋಸ ಮಾಡೋನು ನನ್ನ ದನಿಗೇ ಕಾಯ್ಕೊಂಡು ಕೂತಿರಲ್ಲ. ಗಿರಣಿಗೆ ಬಂದು ಒಂದು ಸೇರು ಜೋಳ ಬೀಸಿಸ್ಕೊಂಡು ಹೋದ್ರೂ ನನ್ನ ದನಿ ಅವನ ಫೋನಿನಾಗೆ ಸಿಗುತ್ತೆ. ಮೇಷ್ಟ್ರಂಥೋರಿಗೆ ಮಾತ್ರ ಅದು ಬೇರೆ ಕಡೆ ಸಿಗಲ್ಲ. ಕೊಡ್ತೀನಿ. ಆದ್ರೆ ನನ್ನ ಹೆಸರು ಹಾಕ್ರಿ. ನನ್ನ ದನಿ ಅಂದ ಮೇಲೆ ನನ್ನ ಹೆಸರಿರಬೇಕು.”

“ಖಂಡಿತ ಹಾಕ್ತೀನಿ. ಮೊದಲ ಸಾಲಿನಾಗೇ ಹಾಕ್ತೀನಿ.”

“ಮತ್ತೆ ಮನೆಯೋರಿಗೆ ಅದನ್ನ ಹಾಕಿಕೊಡಬ್ಯಾಡ್ರಿ” ಎಂದು ಸೇರಿಸಿದರು.

ಒಪ್ಪಿಗೆಯ ಮೇಲ್ ಆಕೆ ಫೋನಿಗೆ ಬಾಯಲ್ಲಿ ಹೇಳಿ ಬರೆಸಿದ್ದರು. ‘ಹಂಚಬಹುದು’ ಎಂಬುದು ಎರಡು ಕಡೆ ‘ಹಚ್ಚಬಹುದು’ ಆಗಿತ್ತು. ಫೋನ್ ಮಾಡಿ ಹೇಳಿದೆ, ನಗುತ್ತ ತಿದ್ದಿ ಮತ್ತೆ ಕಳಿಸಿದರು. ಅದರ ಇಂಗ್ಲಿಷ್ ಅನುವಾದ ಸೇರಿಸಿ, ಪ್ಯಾಕೇಜಿನ ಮೊದಲ ಸಾಲಿನಲ್ಲಿ ಆಕೆಯ ಹೆಸರು ಹಾಕಿ ಕಳಿಸಲು ಕೂತರೆ ಬೀದಿಯ ಕರೆಂಟು ಹೋಯಿತು. ದನಿಯ ಕಡತಗಳೋ ಬಹಳ ಭಾರ. ಲ್ಯಾಪ್‌ಟಾಪ್ ಎತ್ತಿಕೊಂಡು ಎದುರಿನ ಅಡಿಕೆ ಮಂಡಿಗೆ ಓಡಿದೆ. ಅಲ್ಲಿ ಯುಪಿಎಸ್ ಇತ್ತು, ಒಳ್ಳೆಯ ಇಂಟರ್ನೆಟ್ಟೂ ಇತ್ತು. ಮಂಡಿಯ ಯಜಮಾನರು, “ಏನಮ್ಮ, ಏನು ಕಳಿಸ್ತಾ ಇದೀಯ ಇಷ್ಟು ಅವಸರದಾಗೆ?” ಎಂದು ಕೇಳಿದರು. “ಒಂದು ದನಿ ಸಾರ್” ಎಂದೆ. ಅವರು ಮತ್ತೇನೂ ಕೇಳದೆ ಕುರ್ಚಿ ಸರಿಸಿಕೊಟ್ಟರು. ಸಂಜೆಗೆ ಪರಿಶೀಲಕರ ಉತ್ತರ ಬಂತು: ಎಲ್ಲ ಸರಿಯಿದೆ, ಉಳಿಸಿಕೊಂಡಿದ್ದೇವೆ, ಆಕೆಗೆ ನಮ್ಮ ವಂದನೆ ತಿಳಿಸಿ. ಅದನ್ನು ಕನ್ನಡ ಮಾಡಿ ನ್ಯಾಮತಿಗೆ ಕಳಿಸಿದೆ.

ಬಿಡುಗಡೆಯಾದ ವಾರ ಹೊನ್ನಾಳಿಯ ಮೇಷ್ಟ್ರು ತಮ್ಮ ಶಾಲೆಯ ಕಂಪ್ಯೂಟರುಗಳಿಗೆಲ್ಲ ಹೊಸ ಆವೃತ್ತಿ ಹಾಕಿಸಿದರು. ಮಕ್ಕಳು ಸಾಲಾಗಿ ನಿಂತು ತಮ್ಮ ತಮ್ಮ ಹೆಸರು ಹೇಳಿಸಿಕೊಂಡರಂತೆ. ಮೇಷ್ಟ್ರು ಪಾಠದ ಮಧ್ಯದಲ್ಲೇ ಫೋನ್ ಮಾಡಿದರು.

“ಎಲ್ಲ ಚೆನ್ನಾಗೈತೆ ಮೇಡಂ. ಆದ್ರೆ ಅಕ್ಕ ಜಗಳೂರು ಅನ್ನೋದನ್ನ ‘ಜಗಳ ಊರು’ ಅಂತ ಬಿಡಿಸಿ ಹೇಳ್ತಾಳೆ. ಮಕ್ಕಳು ನಕ್ಕು ನಕ್ಕು ಬೆಂಚಿನ ಕೆಳಗೆ ಬಿದ್ದಿದಾವೆ. ನಾನು ಭೂಪಟದ ಪಾಠ ಮಾಡೋದು ಹೆಂಗೆ?”

“ಜಗಳೂರಿನೋರಿಗೆ ಇನ್ನೂ ಗೊತ್ತಾಗಿಲ್ಲ ತಾನೆ ಮೇಷ್ಟ್ರೇ?”

“ಇನ್ನೂ ಇಲ್ಲ.”

ಅವರಿಗೆ ಗೊತ್ತಾಗುವ ಮುಂಚೆ ಸರಿಮಾಡಬೇಕೆಂದು, ಮುಂದಿದ್ದ ಗಿರಾಕಿಯ ಜೆರಾಕ್ಸ್ ಮುಗಿಸಿ ಕೊಟ್ಟು, ಲ್ಯಾಪ್‌ಟಾಪ್ ತೆರೆದು ಕೂತೆ.