ಸೀಟಿನ ಮೇಲಿನ ಕೌದಿ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಬೇರೇನೋ ಬರೆದು ಎದ್ದಿದ್ದೇನೆ. ಇನ್ನು ಮುಂದೂಡುವಷ್ಟು ಆಯುಷ್ಯ ಉಳಿದಿಲ್ಲ.

ಎಂಬತ್ತರ ದಶಕದಲ್ಲಿ ಜಹೀರಾಬಾದಿನ ಹೊರಗೆ ಗಾಡಿ ತಯಾರಿಸುವ ಕಾರ್ಖಾನೆ ಬಂತು. ಅದರ ಆಸೆಯಿಂದ ನಮ್ಮ ಸೇಠ್, ಅಲ್ಲಿಯವರೆಗೆ ಬನಿಯನ್ ಬಟ್ಟೆ ಹೆಣೆಯುತ್ತಿದ್ದ ಷೆಡ್ಡಿನಲ್ಲಿ ಸೀಟಿಗೆ ಹೊದಿಸುವ ದಪ್ಪ ಬಟ್ಟೆ ಹೆಣೆಸಲು ಹೊರಟರು. ಆಗ ಸೀಟೆಂದರೆ ರೆಕ್ಸಿನ್. ಬೇಸಿಗೆಯಲ್ಲಿ ಕೂತರೆ ತೊಡೆ ಸುಡುತ್ತಿತ್ತು, ಏಳುವಾಗ ಅಂಗಿ ಅಂಟಿಕೊಂಡು ಬರುತ್ತಿತ್ತು. ಹೆಣೆದ ಬಟ್ಟೆಗೆ ಗಾಳಿಯಾಡುತ್ತದೆ, ಸೀಟಿನ ಮೂಲೆಮೂಲೆಗೂ ಒಗ್ಗುತ್ತದೆ. ಆದರೆ ಭಾರ ಬಿದ್ದಲ್ಲಿ ಹಿಗ್ಗಿದ್ದು ಮತ್ತೆ ಕುಗ್ಗದಿದ್ದರೆ ಮುದುಕನ ಗಲ್ಲದ ಹಾಗೆ ಜೋತುಬೀಳುತ್ತದೆ. ಮಷೀನಿನ ಉಸ್ತುವಾರಿ ನನ್ನದು. ಹೆಣಿಗೆಯ ಕುಣಿಕೆ ಬಿಗಿ ಮಾಡಿ, ಸಡಿಲಿಸಿ, ನೂಲು ಬದಲಿಸಿ ಕೊನೆಗೊಂದು ಕಂದು ಬಟ್ಟೆ ಕೈಗೆ ಬಂತು. ಅದರ ಮೇಲೆ ಜನ ಕೂತು ಸವೆಸಬೇಕಿತ್ತು. ತಾಳಿದರೆ ಕಾರ್ಖಾನೆಗೆ ತೋರಿಸುವುದು, ಇಲ್ಲದಿದ್ದರೆ ಮತ್ತೆ ಬನಿಯನ್ ಬಟ್ಟೆಯೇ.

ನ್ಯಾಲ್ಕಲ್‌ನಿಂದ ಜಹೀರಾಬಾದಿಗೆ ಜೀಪು ಓಡಿಸುತ್ತಿದ್ದವರು ನನ್ನ ಅಕ್ಕನ ಗಂಡ. ನಾನು ಅವರನ್ನು ಮಾಮಾ ಎನ್ನುತ್ತಿದ್ದೆ. ಅವರ ಸೀಟಿಗೆ ಬಟ್ಟೆ ಹೊದಿಸಿ ಹೇಳಿದೆ: “ಮಾಮಾ, ನನ್ನ ಕೈಲೆ ಹೆಣದದ್ದರಿ. ಜ್ವಾಕಿಲೆ ನೋಡ್ಕೋರಿ.”

ಮದುವೆಗೆ ಪಾತ್ರೆ ಎರವಲು ಕೊಡುವಾಗ ಹೇಳುವಂಥ ಮಾತು. ಸವೆಸಲಿಕ್ಕೆಂದೇ ಕೊಟ್ಟದ್ದೆಂದು ಹೇಳಲು ನನಗೆ ಹೊಳೆಯಲೇ ಇಲ್ಲ. ವಾರವಾರ ಹೋಗಿ ನೋಡು ಎಂದು ಸೇಠ್ ಹೇಳಿದ್ದರು. ನಾನು ಬಸ್‌ಸ್ಟ್ಯಾಂಡಿನಲ್ಲಿ ಮಾಮಾ ಸಿಕ್ಕಾಗ “ಹೆಂಗದರಿ ಬಟ್ಟಿ?” ಎಂದು ಕೇಳಿ ಸುಮ್ಮನಾಗುತ್ತಿದ್ದೆ.

“ಒಂದು ದಾಗ ಬಿದ್ದಿಲ್ಲೋ ತಮ್ಮಾ!” ಎನ್ನುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಜೀಪನ್ನು ಷೆಡ್ಡಿನ ಮುಂದೆ ತಂದು ನಿಲ್ಲಿಸಿದರು. ಸೀಟಿನ ಮೇಲೆ ಹಳೆ ಬಟ್ಟೆಯ ತುಂಡು ಸೇರಿಸಿ ಅದರ ಅಳತೆಗೇ ಹೊಲಿದ ಕೌದಿ, ಮೂಲೆಗಳಿಗೆ ಲಾಡಿ. ಕೆಳಗೆ ನನ್ನ ಬಟ್ಟೆ ಕೊಟ್ಟ ದಿನದ ಹಾಗೇ ಇತ್ತು.

“ನೋಡ್ರಿ ಸೇಠ್‌ಜಿ, ಮದಲಗಿತ್ತಿ ಹಾಂಗ ಇಟ್ಟೀನಿ,” ಎಂದು ಮಾಮಾ ನಕ್ಕರು. “ಯಾರರೆ ಲಾಡಿಗಿ ಕೈ ಹಚ್ಚಿದ್ರ ನ್ಯಾಲ್ಕಲ್‌ತನಕ ಬೈದೀನಿ.”

ಸೇಠ್ ನನ್ನ ಕಡೆ ತಿರುಗಿದರು. “ವಾಹ್! ಬಟ್ಟಿ ಪರೀಕ್ಷಾಕ್ಕೇ ಕೂತಿಲ್ಲ, ಕೌದಿ ಪಾಸಾಗ್ಯಾದ.”

ಕೆಲಸದವರೆಲ್ಲ ನಕ್ಕರು. ತಪ್ಪು ನನ್ನದೆಂದು ಆ ಗಳಿಗೆಯಲ್ಲೇ ನನಗೆ ಗೊತ್ತಾಗಿತ್ತು. ಆದರೂ ಲಾಡಿ ಕಿತ್ತು, ಕೌದಿಯನ್ನು ಎಳೆದು ಹಾಳು ನೂಲಿನ ಗುಡ್ಡೆಗೆ ಎಸೆದೆ. “ಅಕಲ್ ಇಲ್ಲದ ಮಂದಿಗಿ ಕೊಟ್ಟೆ ನೋಡ್ರಿ,” ಎಂದೆ.

ಮಾಮಾ ಮರುದಿನದಿಂದ ಆ ಸೀಟಿನ ಮೇಲೆ ಜನರನ್ನು ಒತ್ತಿ ಒತ್ತಿ ಕೂಡಿಸಿದರು, ತೊಗರಿ ಚೀಲ ಹೇರಿದರು. ಬಟ್ಟೆ ಎಲ್ಲಿ ಜೋತುಬೀಳುತ್ತದೆಂದು ಅವರಿಂದಲೇ ತಿಳಿಯಿತು. ಕುಣಿಕೆ ಬಿಗಿಗೊಳಿಸಿ, ಹಿಂಬದಿಗೆ ತೆಳು ಸ್ಪಂಜು ಅಂಟಿಸಿದೆವು. ಕಾರ್ಖಾನೆಯವರು ಒಪ್ಪಿದ ದಿನ ಮಾಮಾನ ಕೈ ಹಿಡಿದು ತಪ್ಪಾಯಿತೆಂದೆ. “ಬಿಡೋ, ನನಗ ಫುಕಟ್ ಸೀಟ್ ಸಿಕ್ತು,” ಎಂದರು.

ಆದರೆ ಕೌದಿ? ಎಸೆದ ಆ ವಾರವೇ ಮಷೀನಿನ ಸೂಜಿಗಳ ಎಣ್ಣೆ ಒರೆಸಲು ಗುಡ್ಡೆಯಿಂದ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡಿದ್ದೆ. ಅರ್ಧ ಒರೆಸಿದ ಮೇಲೆ ಕೌದಿಯ ನಡುವಿನ ತುಂಡು ಕಂಡಿತು: ನೀಲಿ ಗೆರೆ. ನಾನು ಶಾಲೆಗೆ ಹಾಕುತ್ತಿದ್ದ ಅಂಗಿ. ಅವ್ವ ತೀರಿಕೊಂಡ ಮೇಲೆ ಆ ಅಂಗಿ ಒಗೆದು, ಗುಂಡಿ ಹಚ್ಚಿ ನನ್ನನ್ನು ಶಾಲೆಗೆ ಕಳಿಸಿದವಳು ಅಕ್ಕ. ತಮ್ಮ ಹೆಣೆದ ಬಟ್ಟೆ ಮಾಸದಿರಲೆಂದು ಆ ಅಂಗಿಯನ್ನೇ ನಡುವಿಗಿಟ್ಟು ಹೊಲಿದಿದ್ದಳು. ಸೋಡಾ ಹಾಕಿ ಕುದಿಸಿದೆ, ಎಣ್ಣೆ ಹೋಗಲಿಲ್ಲ.

ದೀಪಾವಳಿಗೆ ಅವರ ಮನೆಗೆ ಹೋದೆ. ಅಕ್ಕ ಬಡಿಸುತ್ತ ಗಂಡನನ್ನು ಕೇಳಿದಳು: “ಅಲ್ರೀ, ಸೀಟಿನ ಕೌದಿ ಎಲ್ಲಿಟ್ಟೀರಿ? ಹಬ್ಬಕ್ಕ ಒಗೀಬೇಕಂದ್ರ ಕಾಣವಲ್ದು.”

ಮಾಮಾ ನನ್ನ ಕಡೆ ನೋಡಲಿಲ್ಲ. “ಬಸ್‌ಸ್ಟ್ಯಾಂಡಿನಾಗ ಯಾರೋ ಒಯ್ದಾರ.”

“ಒಯ್ಲಿ ಬಿಡ್ರಿ. ಚಳಿಗಿ ಯಾವದರೆ ಕೂಸಿಗಿ ಹೊಚ್ಚಿರಬೇಕು,” ಎಂದು ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು. “ತಮ್ಮಾ, ನಿನ್ನ ಬಟ್ಟಿ ಹೊಲಸಾಗಲಿಲ್ಲ ಹೌದಿಲ್ಲೋ?”

“ಇಲ್ಲಕ್ಕಾ,” ಎಂದೆ.

ಆಮೇಲೆ ಬಹಳ ದೀಪಾವಳಿಗಳು ಬಂದವು, ಹೇಳಲಿಲ್ಲ. ಈಗ ಅವರಿಬ್ಬರೂ ಇಲ್ಲ. ಎಣ್ಣೆ ಹಿಡಿದ ಕೌದಿ ನನ್ನ ಟ್ರಂಕಿನ ತಳದಲ್ಲಿದೆ. ಮಾಮಾನೆದುರು ತಪ್ಪು ಒಪ್ಪಿಕೊಂಡೆ. ಒಪ್ಪಿಕೊಳ್ಳದೆ ಉಳಿದದ್ದು ಒಬ್ಬಳೆದುರು, ನನ್ನ ಅಕ್ಕನೆದುರು.