ಎಂಟೂವರೆಯ ನಂತರದ ಮಳೆ

ಕಳೆದ ವಾರ ನನ್ನ ಮಗಳು ಮೇಧಾ ನನ್ನ ಹಳೆಯ ಮಳೆಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದಳು. ನಿವೃತ್ತಿಯ ಮರುದಿನದಿಂದ ಮನೆಯ ಮಾಳಿಗೆಯ ಮೇಲೆ ನಾನೇ ಮಳೆ ಅಳೆದು ಬರೆದಿಟ್ಟ ಪುಸ್ತಕಗಳು ಅವು. ಕೋಲ್ಕತ್ತದ ತೇವಕ್ಕೆ ಹಾಳೆಗಳು ಮೆತ್ತಗಾಗಿವೆ. ಬಿಡಿಸಿದರೆ ಹಳೆಯ ಅಂಟಿನ ವಾಸನೆ. ಎಲ್ಲ ಹಾಳಾಗುವ ಮೊದಲು ಕಂಪ್ಯೂಟರಿಗೆ ಏರಿಸಿಬಿಡುತ್ತೇನೆ ಎಂಬುದು ಅವಳ ಹಟ. ಹಾಳಾಗುವುದು ಪುಸ್ತಕಗಳೋ ನಾನೋ ಎಂದು ನಾನು ಕೇಳಲಿಲ್ಲ.

"ಅಪ್ಪಾ, ಇಲ್ಲೊಂದು ಡೇಟ್ ಬ್ಲ್ಯಾಂಕ್ ಅದ. ಬರೇ ಗೀಟು ಎಳದೀರಿ. ಝೀರೋ ಹಾಕ್ಲಾ?"

"ಹಾಕಬ್ಯಾಡ," ಎಂದೆ. ದನಿ ತುಸು ಗಡುಸಾಯಿತೇನೋ, ಅವಳು ತಲೆಯೆತ್ತಿ ನೋಡಿದಳು.

ಸೊನ್ನೆ ಬೇರೆ, ಗೀಟು ಬೇರೆ. ಸೊನ್ನೆ ಎಂದರೆ ನೋಡಿದೆ, ಮಳೆ ಬಂದಿರಲಿಲ್ಲ ಎಂದು. ಗೀಟು ಎಂದರೆ ನಾನು ನೋಡಲಿಲ್ಲ ಎಂದು. ಇಲ್ಲಿನ ಅಲಿಪುರದ ಹವಾಮಾನ ಕಚೇರಿಯಲ್ಲಿ ಮೂವತ್ನಾಲ್ಕು ವರ್ಷ ವೀಕ್ಷಕನಾಗಿದ್ದ ನಾನು ನನ್ನ ಮದುವೆಯ ಮುಹೂರ್ತವನ್ನೂ ಮಳೆಗಾಲ ತಪ್ಪಿಸಿ ಇಡಿಸಿದವನು. ನನ್ನ ಕೈ ಎಳೆದ ಗೀಟು ಅದೊಂದೇ. ಅದರ ಕತೆ ಹೇಳಬೇಕಾದರೆ ಹೊಸಮನಿಯವರ ಕತೆ ಹೇಳಬೇಕು. ಅದಕ್ಕೂ ಮೊದಲು ನಮ್ಮ ಕಸುಬಿನ ಎರಡು ಮಾತು ನಿಮಗೆ ಗೊತ್ತಿರಬೇಕು.

ನಮ್ಮಲ್ಲಿ ಮಳೆಯ ದಿನ ಮುಗಿಯುವುದು ನಡುರಾತ್ರಿಯಲ್ಲಲ್ಲ, ಬೆಳಗಿನ ಎಂಟೂವರೆಗೆ. ಎಂಟು ಮೂವತ್ತೊಂದಕ್ಕೆ ಬಿದ್ದ ಹನಿ ನಾಳೆಯ ಪಾಲಿನದು. ಇದು ಒಂದು. ಎರಡನೆಯದು, ನಾನು ಕೆಲಸಕ್ಕೆ ಸೇರಿದಾಗ ನಮ್ಮ ಮೇಲಧಿಕಾರಿ ಕಲಿಸಿದ್ದು. ಒಂದೇ ಉಪಕರಣವನ್ನು ಇಬ್ಬರು ಬೇರೆ ಬೇರೆಯಾಗಿ ನೋಡಿ, ಒಬ್ಬರಿಗೊಬ್ಬರು ತೋರಿಸದೆ ಚೀಟಿಯಲ್ಲಿ ಬರೆಯಬೇಕು. ಆಮೇಲೆ ಚೀಟಿಗಳನ್ನು ಬಿಚ್ಚಬೇಕು. ಅಂಕಿ ಬೇರೆಯಾದರೆ ಯಾರ ಕಣ್ಣು ಮೇಲಿತ್ತು, ಯಾರ ಕಣ್ಣು ಕೆಳಗಿತ್ತು ಎಂದು ನೋಡಬೇಕು. ಜಗಳವಾಡಬಾರದು.

ಹೊಸಮನಿಯವರು ಜಾದವ್‌ಪುರದಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ನಮ್ಮ ಧಾರವಾಡದ ಕಡೆಯವರೇ. ನಮ್ಮ ಪಾಡಾದಲ್ಲಿ, ಎಂದರೆ ನಮ್ಮ ಓಣಿಯಲ್ಲಿ, ನಾಲ್ಕು ಮನೆ ಆಚೆ ಮೂರನೆಯ ಅಂತಸ್ತಿನಲ್ಲಿದ್ದರು. ನನ್ನ ಊರಿನ ಮಾತನ್ನು ಊರಿನ ಹಾಗೆ ಆಡುವವರು ಹೆಂಡತಿಯನ್ನು ಬಿಟ್ಟರೆ ಅವರೊಬ್ಬರೇ. ಅವರು ಪಕ್ಷದವರು, ನಾನು ಯಾವ ಪಕ್ಷಕ್ಕೂ ಸೇರದವನು ಎಂದು ನನ್ನ ನಂಬಿಕೆ. ಪ್ರತಿ ರವಿವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ತಮ್ಮ ಪಕ್ಷದ ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು.

"ಏನ್ರೀ ಹವಾಮಾನ ಸಾಹೇಬ್ರ, ಇವತ್ತ ದೇಶದ ಜ್ವರ ಎಷ್ಟ ಐತಿ?"

"ನಿಮ್ಮ ಪೇಪರಿನ್ಯಾಗ ಎಷ್ಟ ಬರದಾರೋ ಅದರಾಗ ಅರ್ಧಾ ಕಳೀರಿ."

ನನ್ನ ಹೆಂಡತಿ ಶಾಂತಾ ಚಹಾ ತಂದಿಟ್ಟು, "ಇಬ್ರೂ ಸೇರಿ ದೇಶಾ ಮುಗಸ್ರಿ, ಆಮ್ಯಾಲೆ ಉಪ್ಪಿಟ್ಟು ಕೊಡ್ತೀನಿ," ಎನ್ನುತ್ತಿದ್ದಳು. ನನಗೆ ಸೀನು ಬಂದರೂ ಗಡಿಯಾರ ನೋಡುತ್ತೇನೆಂದು ಅವರಿಗೆ ಹೇಳಿ ನಗಿಸಿದವಳೂ ಅವಳೇ.

ದೇಶ ಇಳಿಮುಖವಾಗಿದೆ ಎಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಯಾರಿಂದ ಎಂಬುದರಲ್ಲಿ ಮಾತ್ರ ಇತ್ತು. ಆಗ ಊರಂಚಿನ ಸೆಕ್ಟರ್ ಫೈವ್‌ನಲ್ಲಿ, ಕಂಪ್ಯೂಟರ್ ಕಂಪನಿಗಳ ಬಡಾವಣೆಯಲ್ಲಿ, ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಮೇಧಾ ಅಲ್ಲಿ ಕೆಲಸಕ್ಕೆ ಸೇರಿದ ಹೊಸತು. ಬಂದ್ ಇದ್ದ ದಿನ ಕಚೇರಿಯ ಗಾಡಿ ನಸುಕಿನಲ್ಲೇ ಬಂದು ಅವಳನ್ನು ಕರೆದೊಯ್ಯುತ್ತಿತ್ತು. ಬಂದ್ ಮತ್ತು ಮೆರವಣಿಗೆಗಳೇ ಈ ನಾಡನ್ನು ಹಾಳುಮಾಡಿದವು ಎಂದು ನಾನು. ಆ ಗಾಜಿನ ಗೋಡೆಗಳು ಎದ್ದಷ್ಟೂ ಇತ್ತ ಕಾರ್ಖಾನೆಗಳ ಬಾಗಿಲು ಮುಚ್ಚುತ್ತಿವೆ, ಅದೇ ಅವನತಿ ಎಂದು ಅವರು. ಮೊದಲು ಇದೆಲ್ಲ ಉಪ್ಪಿಟ್ಟಿನ ಜೊತೆ ನಂಚಿಕೊಳ್ಳುವ ಮಾತಾಗಿತ್ತು. ಹೊಲಗಳನ್ನು ಕಾರ್ಖಾನೆಗೆ ಕೊಡುವ ಜಗಳ ಊರನ್ನೇ ಎರಡು ಮಾಡಿದ ಆ ವರ್ಷಗಳಲ್ಲಿ ಮಾತು ಬಿಗಿಯಾಯಿತು. ಕೆಲವು ರವಿವಾರ ಉಪ್ಪಿಟ್ಟು ಆರಿಹೋಗುತ್ತಿತ್ತು.

ಒಂದು ರವಿವಾರ ಅವರ ಪಕ್ಷದ ಮೆರವಣಿಗೆ, ಇಲ್ಲಿಯವರು ಹೇಳುವಂತೆ ಮಿಛಿಲ್, ನಮ್ಮ ಓಣಿಯಲ್ಲೇ ಹಾದುಹೋಗುವುದಿತ್ತು. ಹಿಂದಿನ ವಾರದ ಮೆರವಣಿಗೆಗೆ ಅವರ ಪತ್ರಿಕೆಯ ಪ್ರಕಾರ ಜನಸಾಗರ ಬಂದಿತ್ತು. ನನ್ನ ಪತ್ರಿಕೆಯ ಪ್ರಕಾರ ಬೆರಳೆಣಿಕೆಯ ಮಂದಿ. "ಪೇಪರ್ ಬಿಡ್ರಿ," ಎಂದೆ. "ಈ ಸಲ ನಾವ ಎಣಸೂಣು. ನಿಮ್ಮ ಗ್ಯಾಲರಿಯಿಂದ ನೀವು, ನಮ್ಮ ಕಿಡಕಿಯಿಂದ ನಾನು. ಚೀಟಿ ಬರಿಯೂಣು." ಅವರು ಒಪ್ಪಿದರು.

ತುಂತುರು ಮಳೆ. ಎಂಟಕ್ಕೆ ಮೆರವಣಿಗೆ ಬಂತು. ಐದೈದರ ಗುಂಪಿಗೆ ಒಂದೊಂದು ಗೀರು ಹಾಕುತ್ತ ಶಿಸ್ತಿನಿಂದ ಎಣಿಸಿದೆ. ಹತ್ತು ಗಂಟೆಗೆ ಅವರು ಬಂದರು. ಚೀಟಿಗಳನ್ನು ಬಿಚ್ಚಿದೆವು. ನನ್ನದು ಮುನ್ನೂರ ಹನ್ನೆರಡು. ಅವರದು ಆರುನೂರ ತೊಂಬತ್ತು.

ಅವರ ತಪ್ಪು ನನಗೆ ಆ ಕ್ಷಣವೇ ಹೊಳೆಯಿತು. ಮೆರವಣಿಗೆ ನಮ್ಮ ಮನೆ, ಅವರ ಮನೆ ದಾಟಿ ಓಣಿಯ ಕೊನೆಯ ಕೆರೆಯ ತನಕ ಹೋಗಿ ತಿರುಗಿ ಅವರ ಗ್ಯಾಲರಿಯ ಕೆಳಗಿನ ಮೂಲೆಯಿಂದಲೇ ದೊಡ್ಡ ರಸ್ತೆಗೆ ಹೊರಳಿತ್ತು. ಹೋದವರನ್ನೇ ಮತ್ತೆ ಎಣಿಸಿದ್ದರು. ಅಷ್ಟನ್ನು ಹೇಳಿ ಸುಮ್ಮನಿರಬಹುದಿತ್ತು. ಯಾರ ಕಣ್ಣು ಎಲ್ಲಿತ್ತು ಎಂದು ಮಾತ್ರ ನೋಡಬೇಕೆಂಬ ನಿಯಮವನ್ನು ಮೂವತ್ನಾಲ್ಕು ವರ್ಷ ಪಾಲಿಸಿದ ನಾನು ಹೇಳಿದ್ದು ಬೇರೆ. "ಪಕ್ಷದವ್ರ ಕಣ್ಣು ಎಣಸಾಕ ಲಾಯಕ್ಕಲ್ಲ. ಇಷ್ಟ ವರ್ಷ ಹುಡುಗರಿಗೆ ಅಳತಿ ಏನ ಕಲಸಿದ್ರಿ ನೀವು?"

ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. "ನಿಮಗ ಪಕ್ಷ ಇಲ್ಲಂತ ಯಾರ ಹೇಳಿದ್ರು ನಿಮಗ?" ಎಂದರು. ಪತ್ರಿಕೆಯನ್ನು ಅಲ್ಲೇ ಬಿಟ್ಟು ಹೋದರು.

ಮುಂದಿನ ರವಿವಾರ ಏಳಾಯಿತು, ಏಳೂಕಾಲಾಯಿತು. ಶಾಂತಾ ಮೂರು ಕಪ್ಪು ಇಟ್ಟವಳು ಒಂದನ್ನು ಒಳಗೆ ಒಯ್ದಳು. ಅದರ ಮುಂದಿನ ರವಿವಾರ ಎರಡೇ ಕಪ್ಪು ಇಟ್ಟಳು.

ಅದಾದ ಮೂರನೆಯ ದಿನ, ನಮ್ಮ ಮನೆಯ ಪಾತ್ರೆ ತೊಳೆಯುವ ಮಾಲತಿ ಕುಂಟುತ್ತ ಬಂದಳು. ಏನಾಯಿತೆಂದು ಶಾಂತಾಳನ್ನು ಕೇಳಿದೆ.

"ಅವತ್ತಿನ ಮಿಛಿಲ್‌ನ್ಯಾಗ ಚಪ್ಪಲ್ ಹರದು ಬರಿಗಾಲಲೆ ನಡದಾಳ. ಏನೋ ಚುಚ್ಚಿದ್ದು ಇನ್ನೂ ಮಾಯ್ದಿಲ್ಲ."

"ಮಿಛಿಲ್‌ನ್ಯಾಗ ಹೆಣ್ಮಕ್ಕಳು ಇರಲೇ ಇಲ್ಲಲ್ಲ."

"ಇರಲಿಲ್ಲ? ಸಾಲ ಸಾಲ ಇದ್ರು. ಎಲ್ಲಾರೂ ಗಂಡಸರ ಹಿಂದ ಬಂದ್ರು. ನೀವು ಮ್ಯಾಲೆ ಹೋಗಿದ್ರಿ."

ಚೀಟಿಯನ್ನು ತೆಗೆದು ನೋಡಿದೆ. ಅಂಕಿಯ ಕೆಳಗೆ ನನ್ನದೇ ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು: 'ಎಂಟೂವರೆಯವರೆಗೆ.' ಎಂಟೂವರೆಗೆ ಕಿಟಕಿ ಬಿಟ್ಟು ಮಾಳಿಗೆಗೆ ಹೋಗಿ ಮಳೆ ಅಳೆದಿದ್ದೆ. ಮೆರವಣಿಗೆ ಇನ್ನೂ ಹರಿಯುತ್ತಿತ್ತು. ನನ್ನ ಪಾಲಿಗೆ ಆ ದಿನ ಮುಗಿದಿತ್ತು. ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ನಾನು ಇಷ್ಟಪಡುವ ಮೆರವಣಿಗೆಯಾಗಿದ್ದರೆ ಕಿಟಕಿಯ ಬಳಿ ಇನ್ನೆರಡು ನಿಮಿಷ ನಿಲ್ಲುತ್ತಿದ್ದೆನೇ? ಬಸ್ಸಿನ ಸಾಲು, ತಡವಾಗಿ ಬರುವ ಗುಮಾಸ್ತರು, ಗೋಡೆಯ ಘೋಷಣೆಗಳು ಎಂದು ದೇಶದ ಅವನತಿಗೆ ನಾನು ಕೂಡಿಸಿಟ್ಟಿದ್ದ ಸಾಕ್ಷಿಗಳೆಲ್ಲ ನನ್ನ ಕಿಟಕಿಯಿಂದ, ನನ್ನ ಹೊತ್ತಿನಲ್ಲಿ ಕಂಡವು. ಹಿಂದಿನಿಂದ ಬಂದವರು ಅವುಗಳಲ್ಲಿ ಯಾರೂ ಇರಲಿಲ್ಲ.

ರವಿವಾರ ಏಳಕ್ಕೆ ಹೋಗಿ ಹೇಳೋಣ, ಅದು ನಮ್ಮ ಹೊತ್ತು ಎಂದುಕೊಂಡೆ. ಮರುದಿನ ಗುರುವಾರ. ರಾತ್ರಿಯಿಡೀ ಮಳೆ ಸುರಿದು ಬೆಳಿಗ್ಗೆಯೂ ನಿಂತಿರಲಿಲ್ಲ. ಎಂಟು ಇಪ್ಪತ್ತಕ್ಕೆ ಮಾಳಿಗೆಯ ಮೆಟ್ಟಿಲ ಮೇಲೆ ಕಾಲಿಟ್ಟವನು ಇಳಿದೆ. ಕೊಡೆ ಹಿಡಿದು ಮೊಣಕಾಲು ನೀರಿನಲ್ಲಿ ನಾಲ್ಕು ಮನೆ ದಾಟಿದೆ.

ಹೊಸಮನಿಯವರೇ ಬಾಗಿಲು ತೆರೆದರು. ಮೊದಲು ನನ್ನನ್ನಲ್ಲ, ಗಡಿಯಾರವನ್ನು ನೋಡಿದರು. "ಎಂಟೂವರಿ ಆಗೇದಲ್ರೀ. ಅಳತಿ?"

"ಇವತ್ತ ಇಲ್ಲ," ಎಂದು, ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಅಂದ ಮಾತಿಗೆ ಕ್ಷಮೆಯನ್ನೂ ಕೇಳಿದೆ.

ಅವರು ನನ್ನ ಕೈಯಿಂದ ಕೊಡೆ ತೆಗೆದುಕೊಂಡು ಬಾಗಿಲ ಮೂಲೆಗೆ ಇಟ್ಟರು. "ನಾ ಎರಡ ಸರ್ತಿ ಎಣಿಸಿದ್ದು ನನಗೂ ಅವತ್ತ ಸಂಜೀಕ ಖರೇ ಅನಿಸ್ತು. ಹೇಳಾಕ ಬರಬೇಕಂತ ಚಪ್ಪಲ್ ಮೆಟ್ಟಿದೆ, ಬಿಟ್ಟೆ. ನಮ್ಮ ಮಂದಿ ಕಡಿಮಿ ಬಂದಿದ್ರು ಅಂತ ನನ್ನ ಬಾಯಿಲೆ ಹ್ಯಾಂಗ ಹೇಳ್ಲಿ?" ಎಂದರು. ಆಮೇಲೆ, "ಮಾಲತಿ ಮಿಛಿಲ್‌ಗೆ ಬಂದಿದ್ಲೇನು? ನಮ್ಮ ಕಡೆಯಾಕಿ ಅಂದಂಗಾತು."

"ಹೋದ ತಿಂಗಳ ಆ ಕಡೆಯವ್ರದಕ್ಕೂ ಹೋಗಿದ್ಲಂತ. ಮನಿಗೊಬ್ರು ಬರಬೇಕಂತ ಎರಡೂ ಕಡೆಯವ್ರು ಹೇಳಿ ಹೋಗಿದ್ರಂತ."

ಅವರು ಬಾಗಿಲನ್ನು ಪೂರ್ತಿ ತೆರೆದರು. ಒಳಗೆ ಹೋಗಿ ನನಗೊಂದು ಒಣ ಟವಲ್ ತಂದುಕೊಟ್ಟರು.

ರವಿವಾರಗಳು ಮತ್ತೆ ಶುರುವಾದವು. ಅವರು ಪಕ್ಷ ಬಿಡಲಿಲ್ಲ, ನಾನು ಗೊಣಗುವುದನ್ನು ಬಿಡಲಿಲ್ಲ. ಆದರೆ ದೇಶ ಮುಗಿಯಿತೆಂದು ನಾನು ತೀರ್ಪು ಕೊಟ್ಟಾಗಲೆಲ್ಲ ಅವರು ಕಪ್ಪನ್ನು ತಟ್ಟೆಯ ಮೇಲಿಟ್ಟು ಕೇಳುತ್ತಿದ್ದರು: "ಎಂಟೂವರಿ ಆದಮ್ಯಾಲೆ ಏನಾತು, ಅದನ್ನ ಹೇಳ್ರಿ." ನಿವೃತ್ತಿಯಾಗಿ ಧಾರವಾಡಕ್ಕೆ ಹೋದ ಮೇಲೂ ರವಿವಾರ ಫೋನಿನಲ್ಲಿ ಅದನ್ನೇ ಕೇಳುತ್ತಿದ್ದರು. ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗ ನಾನು ಏನು ಹೇಳಿದರೂ ಯಾರೂ ತಡೆಯುವುದಿಲ್ಲ. ಮೇಧಾ ಕೂಡ "ಹೂಂ ಅಪ್ಪಾ" ಎಂದು ಮುಂದಿನ ಕೆಲಸ ನೋಡುತ್ತಾಳೆ. ಇಷ್ಟು ದೊಡ್ಡ ಊರಿನಲ್ಲಿ ನನ್ನದು ಒಂದೇ ಚೀಟಿ.

ಇದನ್ನೆಲ್ಲ ಹೇಳಿ ಮುಗಿಸಿದಾಗ ಮೇಧಾ ಆ ದಿನಾಂಕದ ಮುಂದೆ ಗೀಟನ್ನೇ ಹಾಕಿದಳು. ಮರುದಿನ ಬೆಳಿಗ್ಗೆ ಅವಳನ್ನು ಮಾಳಿಗೆಗೆ ಕರೆದೆ. ಅಳತೆಯ ಗಾಜಿನ ಲೋಟಕ್ಕೆ ಮಳೆಮಾಪಕದ ನೀರು ಸುರಿದು ಕಟ್ಟೆಯ ಮೇಲಿಟ್ಟೆ. ಇಬ್ಬರಿಗೂ ಒಂದೊಂದು ಚೀಟಿ.

"ಮೊದಲ ನೀ ನೋಡು. ನನಗ ಹೇಳಬ್ಯಾಡ."

ಅವಳದು ಇಪ್ಪತ್ಮೂರು ಮಿಲಿಮೀಟರ್, ನನ್ನದು ಇಪ್ಪತ್ತೆರಡೂವರೆ.

"ಯಾರದು ಕರೆಕ್ಟ್?"

"ಗೊತ್ತಿಲ್ಲ. ಇನ್ನೊಮ್ಮೆ ನೋಡೂಣು."

ನೀರಿನ ಮಟ್ಟಕ್ಕೆ ಕಣ್ಣು ತರಲು ಇಬ್ಬರೂ ಒದ್ದೆ ನೆಲಕ್ಕೆ ಮೊಣಕಾಲೂರಿದೆವು. ಎಂಟೂವರೆ ದಾಟಿ ಹತ್ತು ನಿಮಿಷವಾಗಿತ್ತು. ಮಳೆ ಮತ್ತೆ ಹನಿಯತೊಡಗಿತು.