ಗುಡ್ಡದ ಮೇಲೆ ಕನ್ನಡಿ ಹಿಡಿದವನು

ನುಸಿಗುಳಿಗೆಯ ವಾಸನೆಗೆ ಒಂದು ಕೆಟ್ಟ ಗುಣವಿದೆ. ಬಟ್ಟೆ ಕಾಯುವ ಕೆಲಸಕ್ಕೆಂದು ಇಟ್ಟರೆ ಅದು ಪಕ್ಕದ ಕಾಗದಗಳನ್ನೂ ತನ್ನದು ಮಾಡಿಕೊಳ್ಳುತ್ತದೆ. ಕಳೆದ ತಿಂಗಳು, ಈ ಕೊಲ್ಲಿ ದೇಶದಲ್ಲಿ, ಅಬ್ಬಾಸಿಯಾದ ಫ್ಲ್ಯಾಟು ಬಿಡುವಾಗ ಸ್ವೆಟರುಗಳ ಪೆಟ್ಟಿಗೆಯ ತಳದಲ್ಲಿ ನನ್ನ ಎಂ.ಫಿಲ್. ಕಾಲದ ನೋಟ್‌ಬುಕ್ಕು ಸಿಕ್ಕಿತು. ಮೂಗಿಗೆ ಹಿಡಿದರೆ ಇತಿಹಾಸದ ವಾಸನೆಯಲ್ಲ, ಚಳಿಗಾಲದ ಬಟ್ಟೆಯ ವಾಸನೆ.

ನನ್ನ ವಿಷಯ ಏನೆಂದು ಹೇಳಿದರೆ ನೀವು ನಗಬಾರದು. ಬ್ರಿಟಿಷರು ತಮ್ಮ ವಸಾಹತುಗಳಲ್ಲಿ ಭೂಮಿ ಅಳೆಯಲು ಹೊರಡುವ ಮೊದಲು ಜನರನ್ನು ಹೇಗೆ ಗೊತ್ತು ಮಾಡುತ್ತಿದ್ದರು ಎಂಬುದು ನನ್ನ ಪ್ರಬಂಧ. ಅಳತೆಯ ಬಗ್ಗೆ ಬರೆದವರು ಬಹಳ ಮಂದಿ. ಆದರೆ ತಂಡಕ್ಕೆ ಅಡುಗೆಯವನು ಯಾರು, ದುರ್ಬೀನಿನ ಪೆಟ್ಟಿಗೆಯನ್ನು ಯಾರ ತಲೆಯ ಮೇಲೆ ಹೊರಿಸಬೇಕು, ಒಂಟಿಯಾಗಿ ಗುಡ್ಡದ ಮೇಲೆ ಬಿಟ್ಟರೆ ಓಡಿಹೋಗದವನು ಯಾರು ಎಂದು ಸಾಹೇಬರು ಪುಟಗಟ್ಟಲೆ ಬರೆದುಕೊಂಡಿದ್ದನ್ನು ಓದಿದವನು ನಾನೊಬ್ಬನೇ ಎಂದು ಆಗ ನಂಬಿದ್ದೆ. ಪ್ರಬಂಧವನ್ನು ಪೂರ್ತಿ ಓದಿದವರು ಇಬ್ಬರು: ನಾನು ಮತ್ತು ನನ್ನ ಮಾರ್ಗದರ್ಶಕರು. ಅವರ ವಿಷಯದಲ್ಲೂ ನನಗೆ ಸಂಶಯವಿದೆ.

ಆ ನೋಟ್‌ಬುಕ್ಕಿನ ನಡುವೆ ಪೂರ್ವ ಆಫ್ರಿಕಾದ ಒಂದು ಸರ್ವೆ ತಂಡದ ಸಿಬ್ಬಂದಿ ಪಟ್ಟಿಯನ್ನು ನಕಲು ಮಾಡಿಕೊಂಡಿದ್ದೇನೆ. ಒಂದು ಸಾಲು ಹೀಗಿದೆ: ಕನ್ನಡಿ ಹಿಡಿಯುವವರು, ಭಾರತದಿಂದ ಕರೆಸಿದವರು, ಇಷ್ಟು ಮಂದಿ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ. ಗೆರೆ ಎಳೆದವನು ನಾನು. ಆರು ವರ್ಷದ ಹಿಂದೆ ನನ್ನದೇ ಮನೆಯಲ್ಲಿ, ನನ್ನ ಮಗಳ ಎದುರಿಗೆ, ಒಬ್ಬ ಗೆಳೆಯನಿಗೆ “ಅಂಥವರು ಇರಲೇ ಇಲ್ಲ” ಎಂದವನೂ ನಾನೇ. ಆಗ ಈ ಸಾಲು ಮರೆತುಹೋಗಿತ್ತೋ, ನೆನಪಿದ್ದೇ ಹಾಗೆ ಹೇಳಿದೆನೋ? ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ.

ಗೆಳೆಯನ ಹೆಸರು ಸದಾನಂದ. ಕಿನ್ನಿಗೋಳಿ ಕಡೆಯವನು. ರುಮೈಥಿಯಾದ ಒಂದು ಬಕಾಲಾದಲ್ಲಿ, ಅಂದರೆ ದಿನಸಿ ಅಂಗಡಿಯಲ್ಲಿ, ಕೆಲಸ. ನನಗಿಂತ ಚಿಕ್ಕವನಾದರೂ ನಾವು ಒಬ್ಬರಿಗೊಬ್ಬರು ‘ನೀವು’ ಎಂದೇ ಅನ್ನುತ್ತಿದ್ದೆವು. ನನ್ನನ್ನು ಅವನು ಕರೆಯುತ್ತಿದ್ದುದು ‘ಮಾಷ್ಟ್ರೆ’ ಎಂದು. ನಾನು ಮೇಷ್ಟರಲ್ಲ. ಒಂದು ಸರ್ವೆ ಕಂಪನಿಯಲ್ಲಿ ನಾಳೆ ಯಾವ ಸರ್ವೆಯರ್, ಯಾವ ಹೆಲ್ಪರ್, ಯಾವ ಡ್ರೈವರ್ ಜಹ್ರಾ ರಸ್ತೆಗೆ ಹೋಗಬೇಕು ಎಂದು ಪಟ್ಟಿ ಮಾಡುವವನು. ಸಾಹೇಬರ ಪಟ್ಟಿಗಳನ್ನು ಟೀಕಿಸಿ ಪದವಿ ಪಡೆದವನಿಗೆ ಅಂಥದೇ ಪಟ್ಟಿ ಮಾಡುವ ಉದ್ಯೋಗ ಸಿಕ್ಕಿತು, ನೋಡಿ.

ಸದಾನಂದನ ರಜೆ ಶುಕ್ರವಾರ ಮಧ್ಯಾಹ್ನ ಮಾತ್ರ. ಊಟಕ್ಕೆ ನಮ್ಮಲ್ಲಿಗೇ ಬರುತ್ತಿದ್ದ. ಊಟವಾದ ಮೇಲೆ ಅವನ ಅಜ್ಜನ ಕಥೆ. ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಅಳತೆ ಹಿಡಿಯಬೇಕಾದರೆ ಆಚೆ ಗುಡ್ಡದ ಮೇಲೆ ಒಂದು ಬೆಳಕಿನ ಚುಕ್ಕೆ ಕಾಣಬೇಕು. ಅದಕ್ಕಾಗಿ ಒಬ್ಬನನ್ನು ಅಲ್ಲಿ ಕೂರಿಸಿ ಕೈಗೊಂದು ದುಂಡು ಕನ್ನಡಿ ಕೊಡುತ್ತಿದ್ದರು. ಬಿಸಿಲನ್ನು ಹಿಡಿದು ಈಚೆಯ ಯಂತ್ರದ ಕಡೆಗೆ ಎಸೆಯುವುದೇ ಅವನ ಕೆಲಸ. ಆಫ್ರಿಕಾದಲ್ಲಿ ಅಜ್ಜ ಗುಡ್ಡ ಹತ್ತಿದ ದಿನವೇ ಮೋಡ ಕವಿಯಿತಂತೆ. ಅಕ್ಕಿ ಮುಗಿಯುತ್ತ ಬಂತು. ಜೊತೆಗಿದ್ದ ಇಬ್ಬರು ಇಳಿದುಹೋದರು. ಅಜ್ಜ ಮಾತ್ರ ಇಳಿಯಲಿಲ್ಲ.

“ಯಾಕೆ ಇಳಿಯಲಿಲ್ಲ?” ಎಂದು ಮಗಳು ಅನನ್ಯ ಪ್ರತಿ ಸಲವೂ ಇಂಗ್ಲಿಷಿನಲ್ಲಿ ಕೇಳುವಳು.

“ಇಳಿ ಅಂತ ಯಾರೂ ಹೇಳ್ಲಿಲ್ಲ ಅಲ್ವಾ ಪುಟ್ಟಾ?”

ಕೊನೆಗೊಂದು ಬೆಳಿಗ್ಗೆ ಬಿಸಿಲು ಬಂತು. ಕಥೆ ಇಲ್ಲಿಗೆ ಬಂದಾಗ ಸದಾನಂದ ಎದ್ದು, ತೊಳೆದಿಟ್ಟ ಸ್ಟೀಲ್ ತಟ್ಟೆಯನ್ನು ಕಿಟಕಿಯ ಬಿಸಿಲಿಗೆ ಹಿಡಿಯುತ್ತಿದ್ದ. ಗೋಡೆಯ ಮೇಲೆ ಬೆಳಕಿನ ಬಿಲ್ಲೆ ಕುಣಿಯುತ್ತಿತ್ತು. ಅಜ್ಜ ಬೆಳಕು ತೋರಿಸಿದ. ಆಚೆಯಿಂದ ಮೂರು ಸಲ ಮಿಂಚು ಬಂತು. “ಖಲಾಸ್! ಕೆಲಸ ಆಯ್ತು, ಇಳಿ ಅಂತ ಅದರ ಅರ್ಥ.” ಅನನ್ಯ ಸೋಫಾದ ಮೇಲೆ ನಿಂತು ಚಪ್ಪಾಳೆ ಹೊಡೆಯುತ್ತಿದ್ದಳು.

ಅದು ತಟ್ಟೆ ಎಂದು ನನ್ನ ನೆನಪು. ಹೆಂಡತಿ ಸುಮಾ ಪ್ರಕಾರ ಅದು ಅವಳ ಪೌಡರ್ ಡಬ್ಬಿಯ ಕನ್ನಡಿ. ಅನನ್ಯಳನ್ನು ಕೇಳಿದರೆ ಸಿ.ಡಿ. ಅನ್ನುತ್ತಾಳೆ. ನಾಲ್ಕು ಗೋಡೆಯೊಳಗೆ ನಡೆದದ್ದೇ ಹೀಗಾದರೆ ಉಳಿದದ್ದನ್ನು ನಾನು ಹೇಗೆ ನಂಬಲಿ? ಆದರೆ ಹೊಟ್ಟೆಯೊಳಗೆ ಆಗುತ್ತಿದ್ದ ಉರಿಯ ಬಗ್ಗೆ ಮಾತ್ರ ಸಂಶಯವಿಲ್ಲ. ಆ ಕನ್ನಡಿಯವರ ಬಗ್ಗೆ ನಾನು ಇಡೀ ಒಂದು ಅಧ್ಯಾಯ ಬರೆದಿದ್ದೆ. ನನ್ನ ಮಗಳು ಅದೇ ವಿಷಯವನ್ನು ಅಕ್ಕಿ ಬೇಳೆ ಅಳೆಯುವವನ ಬಾಯಿಂದ ಕೇಳಿ ಚಪ್ಪಾಳೆ ಹೊಡೆಯುತ್ತಿದ್ದಳು. ಈ ಕೊನೆಯ ವಾಕ್ಯ ಎಷ್ಟು ಸಣ್ಣ ಬುದ್ಧಿಯದು ಎಂದು ನನಗೆ ಗೊತ್ತು. ಆದರೂ ಆಗ ಮನಸ್ಸಿನಲ್ಲಿ ಇದ್ದದ್ದು ಅದೇ.

ಅವಳು ನಾಲ್ಕನೇ ತರಗತಿಯಲ್ಲಿದ್ದಾಗ ‘ವಿಚಿತ್ರವಾದ ಉದ್ಯೋಗ’ ಎಂಬುದರ ಮೇಲೆ ಶಾಲೆಯಲ್ಲಿ ಮಾತಾಡಬೇಕಾಯಿತು. ಆ ಶುಕ್ರವಾರ ಪೆನ್ಸಿಲು ಹಿಡಿದು ಸದಾನಂದನ ಎದುರು ಕೂತಳು. ಪಕ್ಕದ ಕುರ್ಚಿಯಲ್ಲಿ ನಾನಿದ್ದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಅದನ್ನು ಬರೀಬೇಡ,” ಎಂದೆ. “ಆಫ್ರಿಕಾದ ಗುಡ್ಡಗಳಿಗೆ ಅಲ್ಲಿಯವರನ್ನೇ ತಗೊಳ್ತಿದ್ರು. ಇಂಡಿಯಾದಿಂದ ಹೋದವರು ಆಫೀಸಿನಲ್ಲಿ ನಕ್ಷೆ ಬರೀತಿದ್ರು. ಕನ್ನಡಿಗೆ ಅಂಥವರು ಇರಲೇ ಇಲ್ಲ.” ನಾನು ಇಷ್ಟೇ ಹೇಳಿದ್ದು. “ನಿಮ್ಮಜ್ಜ ಅಡುಗೆ ಡೇರೆಯಲ್ಲಿದ್ದಿರಬೇಕು” ಎಂದೂ ಸೇರಿಸಿದೆ ಅನ್ನುತ್ತಾಳೆ ಸುಮಾ. ನನಗೆ ನೆನಪಿಲ್ಲ. ನೆನಪಿಲ್ಲದಿರುವುದು ನನಗೆ ಅನುಕೂಲವೂ ಹೌದು.

ಸದಾನಂದ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟ. “ಹೌದಾ ಮಾಷ್ಟ್ರೆ? ನಿಮಗೆ ಗೊತ್ತಿರ್ತದೆ. ನಾವು ಎಂತ ಓದಿದ್ದು?” ಎಂದ. ಮುಖದಲ್ಲಿ ಕೋಪವಿರಲಿಲ್ಲ. ಅನನ್ಯ ಆ ಹಾಳೆಯನ್ನು ಹರಿದು ಡಾಲ್ಫಿನ್ ತರಬೇತುದಾರರ ಬಗ್ಗೆ ಮಾತಾಡಿದಳು. ಸದಾನಂದ ಆಮೇಲೂ ಕೆಲವು ಶುಕ್ರವಾರ ಬಂದ, ಕ್ರಿಕೆಟ್ ಬಗ್ಗೆ ಮಾತಾಡಿದ. ನಂತರ ಬರುವುದು ನಿಂತಿತು. “ಒಂದು ಕಥೆ ಬಿಟ್ಟುಕೊಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ಎಂದು ಸುಮಾ ಕೇಳಿದ್ದಳು. “ಅದು ಕಥೆಯ ಪ್ರಶ್ನೆಯಲ್ಲ, ಸತ್ಯದ ಪ್ರಶ್ನೆ” ಎಂದಿದ್ದೆ. ಈಗ ಆ ಸತ್ಯ ಕೆಂಪು ಗೆರೆಯ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು.

ಮುಂದಿನ ಶುಕ್ರವಾರ ನೋಟ್‌ಬುಕ್ಕು ಹಿಡಿದು ರುಮೈಥಿಯಾಕ್ಕೆ ಹೋದೆ. ಅನನ್ಯಳೂ ಬಂದಳು, ಈಗ ಅವಳು ಹತ್ತನೇ ತರಗತಿ. ಸಂಜೆಯ ನಮಾಜಿನ ಹೊತ್ತಾದ್ದರಿಂದ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆವು. ಸದಾನಂದ ಬಿಸ್ಕತ್ತು ಜೋಡಿಸುತ್ತಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

“ಎಂತ ಮಾಷ್ಟ್ರೆ, ದಾರಿ ತಪ್ಪಿತಾ?”

ಪುಟ ತೆರೆದು ತೋರಿಸಿದೆ. ಅವನು ಆ ಸಾಲನ್ನು ಎರಡು ಸಲ ಓದಿ, ಕೌಂಟರಿನ ಸ್ಟೂಲಿನ ಮೇಲೆ ಕೂತ.

“ನೀವು ಹೇಳಿದ ದಿನವೇ ನಾನು ಊರಿಗೆ ಫೋನ್ ಮಾಡಿದ್ದೆ,” ಎಂದ. “ಗಿರಿಜತ್ತೆ ಅಂತ, ಅಜ್ಜನ ಮಗಳು. ‘ಅಜ್ಜ ಅಲ್ಲಿ ಅಡಿಗೆಗೆ ಇದ್ದದ್ದಾ?’ ಅಂತ ಕೇಳಿದೆ. ‘ನನ್ನ ಅಪ್ಪ ಸುಳ್ಳು ಹೇಳುವವರಾ?’ ಅಂತ ಫೋನ್ ಇಟ್ಟರು. ಆಮೇಲೆ ಮಾತೇ ಇಲ್ಲ. ರಜೆಗೆ ಹೋದರೆ ಬಾಗಿಲಿಗೂ ಬರುದಿಲ್ಲ. ನನ್ನನ್ನು ಎತ್ತಿ ಆಡಿಸಿದವರು, ಮಾರಾಯ್ರೆ.”

ನಾನು ಮುರಿದದ್ದು ಒಂದು ಕಥೆಯನ್ನು ಮಾತ್ರ ಎಂದುಕೊಂಡು ಬಂದಿದ್ದೆ.

ಸದಾನಂದ ಅತ್ತೆಯ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ತಕ್ಕಡಿಯ ಪಕ್ಕ ಇಟ್ಟ. “ನನ್ನ ಸ್ವರ ಕೇಳಿದ್ರೆ ಇಡ್ತಾರೆ. ನೀವೇ ಹೇಳಿ.”

ನಾನು ಯಾರೆಂದು ಹೇಳಿದೆ. ಪಟ್ಟಿಯ ಸಾಲನ್ನು ಓದಿ ಕನ್ನಡದಲ್ಲಿ ವಿವರಿಸಿದೆ.

“ಹಾಗಾದರೆ ಆ ದಿವಸ ಇಲ್ಲ ಅಂತ ಯಾಕೆ ಹೇಳಿದ್ದು?” ಎಂದಿತು ಮುದಿ ದನಿ.

ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡ ಉತ್ತರ ನನ್ನಲ್ಲಿತ್ತು: ಮರೆತಿದ್ದೆ. ಅದು ನಿಜವೇ ಇದ್ದರೂ ಇರಬಹುದು. ಆದರೆ ಮರೆತವನು ಅಷ್ಟು ಖಚಿತವಾಗಿ ಮಾತಾಡುತ್ತಾನೆಯೇ?

“ಹೊಟ್ಟೆಕಿಚ್ಚು, ಅತ್ತೆ.”

“ಯಾರ ಮೇಲೆ?”

“ನಿಮ್ಮ ಅಪ್ಪನ ಮೇಲೆ. ನನ್ನ ಮಗಳು ಅವರ ಕಥೆ ಕೇಳ್ತಿದ್ದಳು. ನನ್ನದು ಕೇಳ್ತಿರಲಿಲ್ಲ.”

ಪಕ್ಕದಲ್ಲಿ ಅನನ್ಯ ತಲೆಯೆತ್ತಿ ನೋಡಿದ್ದು ಗೊತ್ತಾಯಿತು. ನಾನು ಫೋನನ್ನೇ ನೋಡುತ್ತಿದ್ದೆ. ಆ ಕಡೆಯಿಂದ ಮೊದಲು ಕೆಮ್ಮು, ಆಮೇಲೆ ನಗು ಬಂತು.

“ಸತ್ತು ಬೂದಿಯಾದವರ ಮೇಲೆ ಹೊಟ್ಟೆಕಿಚ್ಚಾ! ನಿನಗೆ ಬೇರೆ ಕೆಲಸ ಇಲ್ವಾ ಮಗಾ? ಸದು ಇದ್ದಾನಾ ಅಲ್ಲಿ? ಕೊಡು ಅವನಿಗೆ.”

ಅವರಿಬ್ಬರೂ ತುಳುವಿನಲ್ಲಿ ಮಾತಾಡಿಕೊಂಡರು. ನನಗೆ ಅರ್ಧ ಅರ್ಥವಾಯಿತು. ಸದಾನಂದ ನಮಗೆ ಬೆನ್ನು ಹಾಕಿ, ಆಗಲೇ ಜೋಡಿಸಿದ್ದ ಬಿಸ್ಕತ್ತುಗಳನ್ನು ಮತ್ತೆ ಜೋಡಿಸತೊಡಗಿದ. ಆರು ವರ್ಷ ಸಿಟ್ಟು ಹಿಡಿಯುವಷ್ಟು ಹಚ್ಚಿಕೊಂಡ ಅತ್ತೆ ನನಗೊಬ್ಬರೂ ಇಲ್ಲವಲ್ಲ ಎಂದು ಅಲ್ಲೇ ನಿಂತು ಮತ್ತೆ ಹೊಟ್ಟೆ ಉರಿಯಿತು. ಏನು ಮಾಡಲಿ, ಹೇಳಿ.

ಅತ್ತೆ ಮತ್ತೆ ನನ್ನನ್ನು ಕರೆದರು. “ಅದರಲ್ಲಿ ಅಪ್ಪನ ಹೆಸರು ಉಂಟಾ?”

“ಇಲ್ಲ. ಯಾರ ಹೆಸರೂ ಇಲ್ಲ. ಎಷ್ಟು ಜನ ಅಂತ ಮಾತ್ರ.”

“ಹೆಸರಿಲ್ಲದೆ ಹೇಗೆ ಕರೆದರಂತೆ? ನೀನು ಬರಿ. ಐತಪ್ಪ.”

ಸದಾನಂದ ಕೌಂಟರಿನಿಂದ ಪೆನ್ನು ಕೊಟ್ಟ. ಕೆಂಪು ಗೆರೆಗಳ ಕೆಳಗೆ ‘ಐತಪ್ಪ’ ಎಂದು ಬರೆದೆ. ಬರೆದ ಮೇಲೂ ಕೈ ಹಿಂದಕ್ಕೆ ಬರಲಿಲ್ಲ. ಆಧಾರವಿಲ್ಲದ ಹೆಸರಿನ ಮುಂದೆ ಪ್ರಶ್ನೆಚಿಹ್ನೆ ಹಾಕದೆ ಬಿಡುವುದು ನಾನು ಕಲಿತ ವಿದ್ಯೆಗೆ ಒಗ್ಗುವುದಿಲ್ಲ.

ಸದಾನಂದ ಫೋನನ್ನು ಅಂಗೈಯಲ್ಲಿ ಮುಚ್ಚಿ ಹಿಡಿದ. “ಎಂತ ಮಾಷ್ಟ್ರೆ, ಪ್ರಶ್ನೆ ಹಾಕ್ಲಿಕ್ಕಾ?”

“ಹಾಕಬೇಕು ಸದಾನಂದ. ಅಂಥವರು ಇದ್ದರು ಅಂತ ಗೊತ್ತಾಯ್ತು. ಅವರಲ್ಲಿ ನಿಮ್ಮಜ್ಜ ಇದ್ದರಾ ಅಂತ ನನಗಿನ್ನೂ ಗೊತ್ತಿಲ್ಲ.”

ಅವನು ಪುಟದ ಕಡೆಗೆ ಬಗ್ಗಿದ. “ಹಾಕಿ, ಹಾಕಿ. ಓದಿದವರು ಹಾಕದಿದ್ರೆ ಹೇಗೆ? ಆದ್ರೆ ಸಣ್ಣದು ಹಾಕಿ, ಆಯ್ತಾ? ಅತ್ತೆಗೆ ಕಾಣಬಾರದು.”

ಫೋನಿನಾಚೆಯ ಅತ್ತೆಗೆ ಅದು ಹೇಗೂ ಕಾಣುವಂತಿರಲಿಲ್ಲ. ಆದರೂ ಸಣ್ಣದನ್ನೇ ಹಾಕಿದೆ.